ಇಪ್ಪತ್ತೇಳನೆಯ ಸಾಲು

ಮೇವು ಕತ್ತರಿಸುವ ಯಂತ್ರಕ್ಕೆ ದಂಟು ಯಾವುದು, ಬೆರಳು ಯಾವುದು ಎಂಬ ವಿವೇಕವಿಲ್ಲ. ಬಾಯಿಗೆ ಬಂದದ್ದನ್ನು ಕತ್ತರಿಸುತ್ತದೆ. ಅದಕ್ಕೊಂದಿಷ್ಟು ಬುದ್ಧಿ ಕಲಿಸಬೇಕೆಂದು ಮೂರು ವರ್ಷ ಹೆಣಗಿದ ತಂಗಿ, ಆ ದಿನ ಬೆಳಗಿನಿಂದ ಕಂಪ್ಯೂಟರಿನ ಮುಂದೆ ಕೂತು, ಆ ಮೂರು ವರ್ಷವನ್ನು ಎಂಟು ಪುಟದೊಳಗೆ ಕೂರಿಸಲು ಹೆಣಗುತ್ತಿದ್ದಳು.

ಕಾಲೇಜಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಯಂತ್ರ ನಡೆಸುವವನು ಅವಳ ಅಣ್ಣ. ಅವನು ದಿನಕ್ಕೆ ಹತ್ತು ಸಲ ‘ತಂಗೀ’ ಎಂದು ಕೂಗಿ ಕೂಗಿ, ಎಂಜಿನಿಯರಿಂಗ್ ವಿಭಾಗದವರಿಗೆಲ್ಲ ಅವಳು ತಂಗಿಯೇ ಆಗಿಬಿಟ್ಟಿದ್ದಳು. ಅಣ್ಣನಿಗೆ ಓದು ಹತ್ತಿರಲಿಲ್ಲ. ಅಂಕಿಗಳು ಮಾತ್ರ ಗೊತ್ತು. ಆದರೆ ಯಂತ್ರದ ಸದ್ದು ಒಂದು ಕೂದಲೆಳೆ ಬದಲಾದರೂ ಯಾವ ನಟ್ಟು ಸಡಿಲಾಗಿದೆ ಎಂದು ಹೇಳುತ್ತಿದ್ದ.

ಆಕೆ ಮಾಡಿದ್ದು ದೊಡ್ಡದೇನಲ್ಲ. ಯಂತ್ರದ ಬಾಯಿಗೆ ಒಂದು ಕಬ್ಬಿಣದ ರೆಪ್ಪೆ. ಮೇವಿನ ಜೊತೆ ಕೈ ಒಳಗೆ ಹೋದರೆ ರೆಪ್ಪೆ ಏಳುತ್ತದೆ, ಎದ್ದ ಕೂಡಲೆ ಬೆಲ್ಟು ಕಳಚಿ ಬ್ರೇಕು ಗಾಲಿಯನ್ನು ಕಚ್ಚುತ್ತದೆ. ಸ್ವಿಚ್ಚು ಆರಿಸಿದರೆ ಸಾಲದು. ಅಲಗು ಕೂತ ಆ ಭಾರದ ಗಾಲಿ ಕರೆಂಟು ಹೋದಮೇಲೂ ಇಪ್ಪತ್ತು ಎಣಿಸುವಷ್ಟು ಹೊತ್ತು ತಿರುಗುತ್ತಲೇ ಇರುತ್ತದೆ. ಬೆರಳು ಹೋಗುವುದಕ್ಕೆ ಒಂದು ಎಣಿಸಿದರೆ ಸಾಕು.

ಪ್ರಬಂಧವನ್ನು ಅಚ್ಚು ಹಾಕುವ ಪತ್ರಿಕೆಯವರ ಕಟ್ಟಳೆ ಬಿಗಿ. ಪುಟಕ್ಕೆ ಎರಡು ಕಾಲಂ. ಚಿತ್ರದ ವಿವರ ಚಿತ್ರದ ಕೆಳಗೆ, ಕೋಷ್ಟಕದ ವಿವರ ಕೋಷ್ಟಕದ ತಲೆಯ ಮೇಲೆ. ಕೋಷ್ಟಕ ಒಂದು ಪುಟದಿಂದ ಇನ್ನೊಂದಕ್ಕೆ ಒಡೆಯಬಾರದು. ಒಂಬತ್ತನೆಯ ಪುಟದಲ್ಲಿ ಒಂದು ಸಾಲು ಇಣುಕಿದರೂ, ಮನುಷ್ಯರ ಕಣ್ಣಿಗೆ ಬೀಳುವ ಮೊದಲೇ ಅವರ ಕಂಪ್ಯೂಟರು ವಾಪಸು ತಳ್ಳುತ್ತದೆ. ಗಡುವು ಆ ದಿನ ಮಧ್ಯಾಹ್ನ ನಾಲ್ಕು ಗಂಟೆ. ಅವಳ ಪ್ರಬಂಧದ ಐದು ಸಾಲು ಒಂಬತ್ತನೆಯ ಪುಟದಲ್ಲಿ ಕೂತಿದ್ದವು.

ಅವಳ ಮಾರ್ಗದರ್ಶಕರನ್ನು ಹುಡುಗರು ಗೆರೆ ಮೇಷ್ಟ್ರು ಎನ್ನುತ್ತಿದ್ದರು. ಪ್ರತಿ ಕರಡನ್ನೂ ಕಾಗದದ ಮೇಲೆ ತೆಗೆಸಿ, ಒಂದಡಿಯ ಉಕ್ಕಿನ ಸ್ಕೇಲಿಟ್ಟು ಅಂಚು ಅಳೆಯುವುದು ಅವರ ಅಭ್ಯಾಸ. ಮನೆಯಲ್ಲಿ ಮಕ್ಕಳ ಬೈತಲೆಯನ್ನೂ ಸ್ಕೇಲಿಟ್ಟೇ ತೆಗೆಯುತ್ತಾರೆಂದು ನಗುತ್ತಿದ್ದರು. ಅವರು ಶೆಡ್ಡಿಗೆ ಕಾಲಿಟ್ಟವರಲ್ಲ. ದೂಳು ಆಗುವುದಿಲ್ಲ, ಸೀನು ಬರುತ್ತದೆ. ಯಂತ್ರವನ್ನು ಅವರು ಬಲ್ಲದ್ದು ಕೋಷ್ಟಕದಲ್ಲಿ.

ಆ ಕೋಷ್ಟಕದಲ್ಲಿ ನಲವತ್ತು ಸಾಲು, ನಲವತ್ತು ಪ್ರಯೋಗ. ಮೂವತ್ತೊಂಬತ್ತು ಸಾಲುಗಳಲ್ಲಿ ಎಷ್ಟು ಹೊತ್ತಿಗೆ ಗಾಲಿ ನಿಂತಿತು ಎಂಬ ಅಂಕಿ, ಅಷ್ಟೆ. ಇಪ್ಪತ್ತೇಳನೆಯದು ಮಾತ್ರ ಐದು ಸಾಲಿನಷ್ಟು ಜಾಗ ನುಂಗಿತ್ತು. ಅದರಲ್ಲಿ ಅಂಕಿ ಇರಲಿಲ್ಲ, ಟಿಪ್ಪಣಿ ಇತ್ತು: ಒದ್ದೆ ದಂಟು, ನೀರು ಗಾಲಿಗೆ ತಾಗಿ ಬ್ರೇಕು ಜಾರಿತು, ಗಾಲಿ ನಿಲ್ಲಲಿಲ್ಲ, ಯಂತ್ರ ನಡೆಸುವವನ ಬಲಗೈಯ ನಾಲ್ಕು ಬೆರಳು ತುಂಡಾದವು.

ಆವತ್ತು ಅವಳು ಗಡಿಯಾರ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಹಿಂದಿನ ದಿನ ಮಳೆ ಬಿದ್ದು ದಂಟು ನೆನೆದಿತ್ತು. ಮರದ ಹೊಟ್ಟು ತುಂಬಿದ ಚರ್ಮದ ಕೈಗವಸನ್ನು ಕೋಲಿಗೆ ಕಟ್ಟಿ ಒಳಗೆ ತಳ್ಳುವುದು ಪ್ರಯೋಗದ ಕ್ರಮ. ಕೋಲು ದಂಟಿಗೆ ಸಿಕ್ಕಿಕೊಂಡಿತು. ಅಣ್ಣ ಬಿಡಿಸಲು ಕೈ ಹಾಕಿದ. ರೆಪ್ಪೆ ಎದ್ದಿತು, ಬ್ರೇಕು ಕಿರುಚಿತು, ಗಾಲಿ ಮಾತ್ರ ತಿರುಗಿತು. ಅಣ್ಣ ಕೂಗಲಿಲ್ಲ. ಕೈಯನ್ನು ಹೊರಗೆಳೆದು, ಅದು ತನ್ನದೋ ಬೇರೆಯವರದೋ ಎಂಬಂತೆ ನೋಡಿದ. ಅಲಗಿನ ಆಚೆ, ಕತ್ತರಿಸಿದ ಹಸಿರು ಮೇವಿನ ರಾಶಿಯ ಮೇಲೆ, ನಾಲ್ಕು ಬೆರಳು ದಂಟಿನ ತುಂಡಿನಷ್ಟೇ ಉದ್ದಕ್ಕೆ ಬಿದ್ದಿದ್ದವು. ಮೇವಿನ ಜೊತೆ ಬೆರೆತ ಅವನ್ನು ಆರಿಸಿ ತೆಗೆದವಳು ಅವಳೇ. ಮೂರು ವಾರಕ್ಕೆ ಅಣ್ಣ, ಹೆಬ್ಬೆರಳಷ್ಟೇ ಉಳಿದ ಕೈಗೆ ಬಟ್ಟೆ ಸುತ್ತಿಕೊಂಡು ಬಂದು, ಎಡಗೈಯಲ್ಲಿ ಉಳಿದ ಹದಿಮೂರು ಪ್ರಯೋಗ ಮುಗಿಸಿಕೊಟ್ಟ. ಪ್ರತಿ ಪ್ರಯೋಗಕ್ಕೂ ಶೆಡ್ಡಿನ ಗೋಡೆಯ ಮೇಲೆ ಒಂದು ಇದ್ದಿಲ ಗೆರೆ ಎಳೆಯುವುದು ಅವನ ಪದ್ಧತಿ. ಇಪ್ಪತ್ತೇಳನೆಯದನ್ನೂ ಅವನೇ ಎಳೆದ, ಮೂರು ವಾರ ತಡವಾಗಿ.

ಗಡುವಿನ ದಿನ ಬೆಳಿಗ್ಗೆ ಹನ್ನೊಂದಕ್ಕೆ ಮೇಷ್ಟ್ರು ಆ ಸಾಲಿನ ಮೇಲೆ ಸ್ಕೇಲಿಟ್ಟರು. ಸರಿಯಾಗಿ ಐದು. ಒಂಬತ್ತನೆಯ ಪುಟದಲ್ಲಿರುವುದೂ ಐದು.

“ಇದನ್ನ ತೆಗಿ. ಸರಿಹೋಗುತ್ತೆ.”

ಅದೂ ಒಂದು ಪ್ರಯೋಗವಲ್ಲವೆ ಎಂದಳು ತಂಗಿ. ಅದು ಪ್ರಯೋಗವಲ್ಲ, ಅಪಘಾತ ಎಂದರು ಮೇಷ್ಟ್ರು. ಅಪಘಾತ ಬರೆಯುವುದಕ್ಕೆ ಬೇರೆ ಪುಸ್ತಕಗಳಿವೆ. ರೆಪ್ಪೆ ಮಾಡಿ ಮಾರಲು ಒಂದು ಕಾರ್ಖಾನೆಯವರು ಈ ಪ್ರಬಂಧಕ್ಕಾಗಿಯೇ ಕಾದಿದ್ದಾರೆ, ನಿಂತ ಯಂತ್ರ ಅವರಿಗೆ ಬೇಕು, ನಿಲ್ಲದ ಯಂತ್ರ ಯಾರಿಗೆ ಬೇಕು. ಒದ್ದೆಯ ವಿಚಾರ ಮುಂದಿನ ಪ್ರಬಂಧದಲ್ಲಿ ನೋಡೋಣ. ಅವರ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ. ಅಂಚಿನಿಂದ ಹೊರಗೆ ಹೋದ ಪದವನ್ನು ಒಳಗೆ ತಳ್ಳುವವರ ದನಿ ಅದು.

ಅವಳು ತೆಗೆದಳು. ಒಂದು ಸಲ ಒತ್ತಿದ್ದಷ್ಟೆ. ಇಪ್ಪತ್ತೆಂಟು ಇಪ್ಪತ್ತೇಳಾಯಿತು, ನಲವತ್ತು ಮೂವತ್ತೊಂಬತ್ತಾಯಿತು. ಪ್ರಬಂಧ ಎಂಟನೆಯ ಪುಟದ ಕೊನೆಯಲ್ಲಿ ಬಂದು, ಕೊರಳಿಗೆ ಹಗ್ಗ ಹಾಕಿದ ಕರುವಿನಂತೆ ನಿಂತಿತು.

ಎರಡೂವರೆಗೆ ಅಣ್ಣ ಶೆಡ್ಡಿನ ಬೀಗದ ಕೈ ಕೊಡಲು ಬಂದ. ಮೇಜಿನ ಮೇಲೆ ಎಂಟೂ ಹಾಳೆ ಹರಡಿದ್ದವು. ಹೊರಗೆ ಹೋಗಿದ್ದ ಮೇಷ್ಟ್ರು ಬಾಗಿಲಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೆ ಅವನು ಕೋಷ್ಟಕದ ಮೇಲೆ ಮೊಂಡುಗೈ ಇಟ್ಟು, ತುಟಿ ಅಲ್ಲಾಡಿಸುತ್ತಾ ಮೇಲಿನಿಂದ ಕೆಳಗೆ ಬರುತ್ತಿದ್ದ. ಕೊನೆಗೆ ಬಂದು, ಮತ್ತೆ ಮೇಲಿನಿಂದ ಶುರುಮಾಡಿದ.

“ಇಪ್ಪತ್ತೇಳನೇದು ಎಲ್ಲಿ ತಂಗಿ?”

ಇದೆಯಲ್ಲ ಎಂದು ಅವಳು ತೋರಿಸಿದಳು. ಅವನು ತಲೆಯಾಡಿಸಿದ. ಅಲ್ಲಿ ಅಂಕಿ ಇದೆ, ನನ್ನದಕ್ಕೆ ಅಂಕಿ ಇರಲಿಲ್ಲ, ಅದು ಎಲ್ಲಕ್ಕಿಂತ ದಪ್ಪನೆಯ ಸಾಲು ಎಂದು ನೀನೇ ತೋರಿಸಿದ್ದೆ. ಗೋಡೆಯ ಮೇಲೆ ನಲವತ್ತು, ಇಲ್ಲಿ ಮೂವತ್ತೊಂಬತ್ತು. ತಂಗಿ ಪುಟದ ಲೆಕ್ಕ ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳ ಮಾತು ಅವಳಿಗೇ ಬೇರೆಯವರ ಮಾತಿನಂತೆ ಕೇಳಿತು.

“ಜಾಗ ಇರ್ಲಿಲ್ಲ ಅಂತೀಯಾ,” ಎಂದ ಅಣ್ಣ. “ನಾಲ್ಕು ಬೆರಳಿಗೆ ಎಷ್ಟು ಜಾಗ ಬೇಕು?”

ಮೇಷ್ಟ್ರು ಒಳಗೆ ಬಂದು, ಇದೆಲ್ಲ ನಿನಗೆ ತಿಳಿಯುವ ವಿಷಯವಲ್ಲ, ಹೋಗಯ್ಯಾ ಎಂದು ಹಾಳೆಯನ್ನು ಅವನ ಕೈಯಡಿಯಿಂದ ಎಳೆದುಕೊಂಡರು. ಹಾಳೆ ಅಡ್ಡಕ್ಕೆ ಹರಿಯಿತು. ಅಣ್ಣನ ಎಡಗೈ ಅವರ ಮುಖಕ್ಕೆ ಬಿದ್ದದ್ದನ್ನು ತಂಗಿ ನೋಡಲಿಲ್ಲ. ಕನ್ನಡಕ ಗೋಡೆಗೆ ಬಡಿದದ್ದನ್ನು ಕೇಳಿದಳು. ಮೇಷ್ಟ್ರು ಉಕ್ಕಿನ ಸ್ಕೇಲನ್ನೇ ಬೀಸಿದರು. ಅದು ಅಣ್ಣನ ಹುಬ್ಬನ್ನು ಸೀಳಿ ರಕ್ತ ಕಣ್ಣಿಗಿಳಿಯಿತು. ಅವನು ಅದನ್ನು ಒರೆಸಿಕೊಳ್ಳಲಿಲ್ಲ. ಅವರ ಕೊರಳಪಟ್ಟಿ ಹಿಡಿದು, ಹೊರಲಾರದ ಮೂಟೆಯನ್ನು ಎಳೆಯುವ ಹಾಗೆ, ಹಿಂಬಾಗಿಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಎಳೆದುಕೊಂಡು ಶೆಡ್ಡಿನ ಕಡೆ ನಡೆದ. ಮೇಷ್ಟ್ರ ಹಿಮ್ಮಡಿ ಪ್ರತಿ ಮೆಟ್ಟಿಲಿಗೂ ಬಡಿಯಿತು.

ತಂಗಿ ಓಡಿ ಬರುವಷ್ಟರಲ್ಲಿ ಯಂತ್ರ ಶುರುವಾಗಿತ್ತು. ಅಣ್ಣ ಬಲ ಮೊಣಕೈಯನ್ನು ಮೇಷ್ಟ್ರ ಕತ್ತಿನ ಮೇಲೆ ಒತ್ತಿ, ಅವರನ್ನು ಮೇವಿನ ತೊಟ್ಟಿಗೆ ಬಗ್ಗಿಸಿದ್ದ. ಎಡಗೈಯಲ್ಲಿ ಅವರ ಮಣಿಕಟ್ಟು.

“ಮೂವತ್ತೊಂಬತ್ತಕ್ಕೆ ಮೂವತ್ತೊಂಬತ್ತೂ ನಿಂತ್ವು ಅಂತ ಬರೆದಿದೀರಲ್ಲ ಮೇಷ್ಟ್ರೇ. ಕೈ ಇಡಿ. ಹೆದರ್ಬೇಡಿ, ನಿಲ್ಲುತ್ತೆ.”

ಬಿಡು ಅಣ್ಣಾ ಎಂದಳು ತಂಗಿ. ಆದರೆ ಕಾಲು ಮುಂದೆ ಬರಲಿಲ್ಲ. ದಂಟು ಒಣಗಿತ್ತು, ಒಣ ದಂಟಿಗೆ ಗಾಲಿ ನಿಲ್ಲುತ್ತದೆಂದು ಅವಳಿಗೆ ಗೊತ್ತಿತ್ತು. ಆ ಗೊತ್ತಿರುವಿಕೆಯ ಹಿಂದೆ ನಿಂತು ಅವಳು ನೋಡಿದಳು. ನೋಡಬೇಕೆಂದೇ ನೋಡಿದಳು. ಅದನ್ನು ಅವಳು ಆಮೇಲೆ ಯಾರಿಗೂ ಹೇಳಲಿಲ್ಲ.

ಕೈ ಒಳಗೆ ಹೋಯಿತು. ರೆಪ್ಪೆ ಎದ್ದಿತು. ಬ್ರೇಕು ಟಕ್ಕನೆ ಕಚ್ಚಿ, ಅಲಗು ಮೇಷ್ಟ್ರ ಉಗುರಿನಿಂದ ಎರಡು ಬೆರಳು ಆಚೆ ನಿಂತಿತು. ಮೇಷ್ಟ್ರ ಗಂಟಲಿನಿಂದ ನೀರಿಗೆ ಬಿದ್ದ ಪ್ರಾಣಿಯ ಸದ್ದು ಬಂತು. ಪ್ಯಾಂಟು ಮುಂದುಗಡೆ ಒದ್ದೆಯಾಯಿತು.

“ನಲವತ್ತೊಂದು,” ಎಂದ ಅಣ್ಣ. “ಒಳ್ಳೇ ಯಂತ್ರ. ನನ್ನ ತಂಗಿ ಮಾಡಿದ್ದು.”

ಹೇಳಿದವನು ಗೋಡೆಯ ಬದಿಗಿದ್ದ ನೀರಿನ ಬಕೆಟ್ಟನ್ನು ಕಾಲಿನಿಂದಲೇ ಹತ್ತಿರಕ್ಕೆ ಎಳೆದ. ಮಣಿಕಟ್ಟು ಬಿಟ್ಟ ಎಡಗೈಯಲ್ಲಿ ಗಾಲಿಯ ಮೇಲೂ ದಂಟಿನ ಮೇಲೂ ನೀರು ಸುರಿದ. ಸ್ವಿಚ್ಚು ಆರಿಸಿ, ಬೆಲ್ಟು ಏರಿಸಿ, ರೆಪ್ಪೆ ಇಳಿಸಿ, ಮತ್ತೆ ಸ್ವಿಚ್ಚು ಒತ್ತಿದ. ಮೊಣಕೈಯಡಿಯಲ್ಲಿ ಮೇಷ್ಟ್ರು ಒದ್ದಾಡಿದರು. ಅಣ್ಣ ಅವರ ತಲೆಯನ್ನು ತೊಟ್ಟಿಯ ಅಂಚಿಗೆ ಎರಡು ಸಲ ಬಡಿದ. ಮೂಗಿನ ರಕ್ತ ದಂಟಿನ ಮೇಲೆ ಬಿತ್ತು.

“ಈಗ ಇಪ್ಪತ್ತೇಳನೇದು,” ಎಂದ, ಅವರ ಮಣಿಕಟ್ಟನ್ನು ಮತ್ತೆ ಹಿಡಿದು, ತೀರ ಸಮಾಧಾನದಿಂದ.

ಸ್ವಿಚ್ಚು ಆರಿಸಿ ಫಲವಿಲ್ಲ, ಗಾಲಿ ಇಪ್ಪತ್ತು ಎಣಿಸುವವರೆಗೆ ನಿಲ್ಲುವುದಿಲ್ಲ. ಇದು ಆ ಊರಿನಲ್ಲಿ ಅವಳಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ನೆಲದ ಮೇಲೆ ದೊಡ್ಡ ಸ್ಪ್ಯಾನರ್ ಇತ್ತು. ಎರಡೂ ಕೈಯಲ್ಲಿ ಎತ್ತಿ, ಮೇಷ್ಟ್ರ ಬೆರಳು ರೆಪ್ಪೆಯ ಹತ್ತಿರ ಹೋದ ಕ್ಷಣದಲ್ಲಿ, ಅಣ್ಣನ ಎಡ ಮಣಿಕಟ್ಟಿನ ಮೇಲೆ ಇಳಿಸಿದಳು. ಒಣ ದಂಟು ಮುರಿದ ಸದ್ದಾಯಿತು. ಸಾಲದೆಂದು ಇನ್ನೊಂದು ಸಲ ಇಳಿಸಿದಳು.

ಅಣ್ಣ ಈ ಸಲವೂ ಕೂಗಲಿಲ್ಲ. ಹಿಡಿತ ಬಿಟ್ಟು ಗೋಡೆಗೆ ಒರಗಿ, ತನ್ನ ಇದ್ದಿಲ ಗೆರೆಗಳ ಕೆಳಗೆ ಕುಸಿದು ಕೂತ. ಮೇಷ್ಟ್ರು ನೆಲಕ್ಕೆ ಜಾರಿ, ತಮ್ಮ ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡರು. ಯಂತ್ರ ತಿರುಗುತ್ತಲೇ ಇತ್ತು.

“ನಿಲ್ತಿರ್ಲಿಲ್ವಾ?” ಎಂದು ಕೇಳಿದರು ಮೇಷ್ಟ್ರು. ಅವರ ಬಾಯಿ ತುಂಬ ರಕ್ತವಿತ್ತು. “ನಿಜವಾಗ್ಲೂ ನಿಲ್ತಿರ್ಲಿಲ್ವಾ?”

ಅವಳು ಮೂಲೆಯಲ್ಲಿದ್ದ ಕೋಲನ್ನು, ಅದಕ್ಕೆ ಕಟ್ಟಿದ ಹೊಟ್ಟಿನ ಕೈಗವಸನ್ನು ತಂದು, ಒದ್ದೆ ದಂಟಿನ ಜೊತೆ ಬಾಯಿಗೆ ತಳ್ಳಿದಳು. ರೆಪ್ಪೆ ಎದ್ದಿತು, ಬ್ರೇಕು ಕಿರುಚಿತು, ಕಿರುಚುತ್ತಲೇ ಜಾರಿತು. ಚರ್ಮದ ನಾಲ್ಕು ಬೆರಳು ಆಚೆ ಬಿದ್ದವು. ಹೊಟ್ಟು ಚೆಲ್ಲಿ, ಸದ್ದಿಲ್ಲದೆ ಹರಡಿಕೊಂಡಿತು. ಮೇಷ್ಟ್ರು ಅದನ್ನೇ ನೋಡುತ್ತಾ ಕೂತರು. ಒಂದು ಸಲ ಸೀನಿದರು.

ಸದ್ದು ಕೇಳಿ ಪಕ್ಕದ ಕೋಣೆಯಲ್ಲಿ ಲೇತ್ ಯಂತ್ರ ನಡೆಸುವವನು ಓಡಿ ಬಂದು ಬಾಗಿಲಲ್ಲೇ ನಿಂತುಬಿಟ್ಟ. ಯಾರನ್ನು ಯಾರಿಂದ ಬಿಡಿಸಬೇಕೋ ಅವನಿಗೆ ತಿಳಿಯಲಿಲ್ಲ. ಅವನೇ ಅಣ್ಣನನ್ನು ಎಬ್ಬಿಸಿ ಆಸ್ಪತ್ರೆಗೆ ಕರೆದೊಯ್ದ. ತಂಗಿ ಹಿಂದೆ ಹೊರಟಾಗ ಅಣ್ಣ ತಿರುಗಿ, ನೀನು ಬಂದು ಮಾಡುವುದೇನೂ ಇಲ್ಲ, ನಾಲ್ಕು ಗಂಟೆ ಅಂದಿದ್ದೆಯಲ್ಲ, ಅದನ್ನು ಮುಗಿಸು ಎಂದ.

ಮೂರೂ ಇಪ್ಪತ್ತಾಗಿತ್ತು. ಅವಳು ಕೂತು ಆ ಸಾಲನ್ನು ಮೊದಲಿದ್ದ ಜಾಗದಲ್ಲೇ ಮತ್ತೆ ಬರೆದಳು. ಮೂವತ್ತೊಂಬತ್ತು ನಲವತ್ತಾಯಿತು. ಒಂಬತ್ತನೆಯ ಪುಟದಲ್ಲಿ ಐದು ಸಾಲು ಮತ್ತೆ ಇಣುಕಿದವು. ಅಕ್ಷರ ಕುಗ್ಗಿಸುವಂತಿಲ್ಲ, ಅಂಚು ಹಿಗ್ಗಿಸುವಂತಿಲ್ಲ. ಪ್ರಬಂಧದ ಕೊನೆಯಲ್ಲಿ ಬರೆದವರ ಪರಿಚಯವಿತ್ತು, ಬೇಕಿದ್ದರೆ ಹಾಕಬಹುದು ಎಂದು ಪತ್ರಿಕೆಯವರು ಬಿಟ್ಟಿದ್ದ ಜಾಗ. ಅವಳದು ಎರಡು ಸಾಲು. ಮೇಷ್ಟ್ರದು ಒಂಬತ್ತು ಸಾಲು, ಪಕ್ಕದಲ್ಲಿ ಟೈ ಕಟ್ಟಿದ ಭಾವಚಿತ್ರ. ಅವಳು ಎರಡನ್ನೂ ಅಳಿಸಿದಳು. ಪ್ರಬಂಧ ಎಂಟನೆಯ ಪುಟಕ್ಕೆ ವಾಪಸು ಬಂತು.

ಕಳಿಸಲು ಮೇಷ್ಟ್ರ ಮೊಬೈಲಿಗೆ ಬರುವ ಗುಟ್ಟಿನ ಅಂಕಿ ಬೇಕಾಗಿತ್ತು. ಅವರು ಮುಖಕ್ಕೆ ಒದ್ದೆ ಬಟ್ಟೆ ಒತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. ಎಂಟನೆಯ ಪುಟವನ್ನು ಪ್ರಿಂಟು ತೆಗೆ ಎಂದರು. ತೆಗೆದಳು. ತಮ್ಮ ಚಿತ್ರವಿದ್ದ ಜಾಗವನ್ನು ನೋಡಿದರು. ಸ್ಕೇಲು ಇಟ್ಟರು. ಅದರ ಅಂಚಿನಲ್ಲಿ ಒಣಗಿದ್ದ ಅಣ್ಣನ ರಕ್ತ ಕಾಗದಕ್ಕೆ ಸಣ್ಣ ಗೆರೆಯಾಗಿ ಅಂಟಿತು. ಕನ್ನಡಕವಿಲ್ಲದೆ ಅಳತೆ ಕಾಣಲಿಲ್ಲ. ಮೊಬೈಲನ್ನು ಅವಳ ಮುಂದೆ ಇಟ್ಟರು.

ಪ್ರಬಂಧ ನಾಲ್ಕಕ್ಕೆ ಆರು ನಿಮಿಷ ಇರುವಾಗ ಹೋಯಿತು. ಪೊಲೀಸರಿಗೆ ದೂರು ಕೊಡುತ್ತೇನೆಂದು ಮೇಷ್ಟ್ರು ಹೇಳಲಿಲ್ಲ, ಕೊಡುವುದಿಲ್ಲ ಎಂದೂ ಹೇಳಲಿಲ್ಲ.

ಸಂಜೆ ಮನೆಯಲ್ಲಿ ಅತ್ತಿಗೆ ಗಂಡನಿಗೆ ತುತ್ತು ಕಲಸಿ ಉಣಿಸುತ್ತಿದ್ದಳು. ಎಡಗೈ ಮೊಣಕೈವರೆಗೆ ಬಿಳಿ ಪಟ್ಟಿಯೊಳಗಿತ್ತು, ಬಲಗೈ ಮಡಿಲಲ್ಲಿ ಹೆಬ್ಬೆರಳಷ್ಟೇ ಎತ್ತಿಕೊಂಡು ಮಲಗಿತ್ತು. ತಂಗಿ ಹೊಸಿಲಲ್ಲಿ ನಿಂತಳು. ಅತ್ತಿಗೆ ತಲೆಯೆತ್ತಲಿಲ್ಲ.

“ಒಂದು ಕೈ ಯಂತ್ರ ತಿಂತು. ಇನ್ನೊಂದು ನೀನು ತಿಂದೆ. ಬಾ, ಕೂತ್ಕೋ, ನೀನೂ ಊಟ ಮಾಡು.”

ತಂಗಿ ಗೋಡೆಯ ಪಕ್ಕ ಕೂತಳು. ಅಣ್ಣ ಬಾಯಲ್ಲಿದ್ದುದನ್ನು ನಿಧಾನವಾಗಿ ನುಂಗಿ, ಎಷ್ಟು ಸಾಲು ಎಂದು ಕೇಳಿದ. ನಲವತ್ತು ಎಂದಳು. ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮೇಷ್ಟ್ರದು ಒಂದು ನಿಂತಿತು, ಹೊಟ್ಟಿನ ಕೈಯದು ಒಂದು ನಿಲ್ಲಲಿಲ್ಲ. ಗೋಡೆಯ ಮೇಲೆ ಅವೆರಡು ಗೆರೆ ಇನ್ನೂ ಬಿದ್ದಿಲ್ಲ. ಇದ್ದಿಲು ಹಿಡಿಯಲು ತನಗೆ ಕೈಯಿಲ್ಲ.

“ನಾಳೆ ನೀನೇ ಎಳೆದುಬಿಡು,” ಎಂದು ಬಾಯಿ ತೆರೆದ. ಅತ್ತಿಗೆ ಮುಂದಿನ ತುತ್ತು ಇಟ್ಟಳು.