ಶುಕ್ರವಾರ ನಾಲ್ಕು ಹತ್ತರ ತನಕ

ನಲವತ್ತೆಂಟು ಗಂಟೆ ಎಂದರೆ ನಲವತ್ತೆಂಟು ಗಂಟೆ. ಇಷ್ಟನ್ನು ನಮ್ಮ ಮ್ಯಾನೇಜರ್ ಮುರಾರಿ ರಾಯರಿಗೆ ಅರ್ಥಮಾಡಿಸಲು ಹೋಗಿ ನನ್ನ ಗಂಟಲು ಹೋಯಿತು, ನೆಮ್ಮದಿ ಹೋಯಿತು, ಕೊನೆಗೆ ವಾರದ ರಜೆಯೂ ಹೋಯಿತು.

ಅಂಬರನಾಥದ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಫ್ಯಾಕ್ಟರಿಯಲ್ಲಿ ತಗಡಿನ ಬಿಡಿಭಾಗ ಮಾಡುತ್ತಾರೆ. ಅಲ್ಲಿ ಹಾಜರಿ, ರಜೆ, ಅಪಘಾತದ ಕಾಗದಪತ್ರ ನೋಡಿಕೊಳ್ಳುವ ಲೋಲಾಕ್ಷಿ ನಾನು. ಬುಧವಾರ ಸಂಜೆ ನಾಲ್ಕು ಹತ್ತಕ್ಕೆ ಪೂವಪ್ಪಣ್ಣನ ಬಲಗೈ ಹೆಬ್ಬೆರಳು ತಗಡು ಒತ್ತುವ ಪ್ರೆಸ್ಸಿಗೆ ಸಿಕ್ಕಿ ಜಜ್ಜಿಹೋಯಿತು. ಏಳು ಹೊಲಿಗೆ, ಹತ್ತು ದಿನ ವಿಶ್ರಾಂತಿ ಎಂದು ಡಾಕ್ಟರು ಚೀಟಿ ಕೊಟ್ಟರು. ಗಾಯಗೊಂಡವರಿಗೆ ನಲವತ್ತೆಂಟು ಗಂಟೆ ಕೆಲಸ ಮಾಡಲಾಗದಿದ್ದರೆ ಫ್ಯಾಕ್ಟರಿ ಇನ್‌ಸ್ಪೆಕ್ಟರರಿಗೆ ವರದಿ ಹೋಗಲೇಬೇಕು. ಹತ್ತು ದಿನದ ಚೀಟಿ ಕೈಯಲ್ಲಿರುವಾಗ ಇದರಲ್ಲಿ ಯೋಚಿಸುವುದೇನಿದೆ?

ರಾಯರಿಗೆ ಇತ್ತು. ನಮ್ಮ ಗೇಟಿನ ಬಳಿ 'ಅಪಘಾತವಿಲ್ಲದ ದಿನಗಳು' ಎಂಬ ಕರಿಹಲಗೆಯಿದೆ. ಬುಧವಾರ ಅದರ ಮೇಲಿದ್ದ ಸಂಖ್ಯೆ 995. ಸೋಮವಾರಕ್ಕೆ ಸಾವಿರ. ಅವತ್ತು ಥಾಣೆಯಲ್ಲಿರುವ ನಮ್ಮ ಹೆಡ್ ಆಫೀಸಿನಿಂದ ಸಾಹೇಬರು ಬರುವವರಿದ್ದರು. ಪೇಡಾಕ್ಕೂ ಆರ್ಡರ್ ಹೋಗಿತ್ತು.

"ಎಂತ ಅವಸರ ಮಾರಾಯ್ರೆ?" ಎಂದರು ರಾಯರು ಗುರುವಾರ. "ಇವತ್ತೊಂದು ದಿನ ರಜೆ ಹಾಕಿ. ನಾಳೆ ಶುಕ್ರವಾರ, ವಾರದ ರಜೆ, ಫ್ಯಾಕ್ಟರಿಯೇ ಬಂದ್. ಯಾರೂ ಬಾರದ ದಿನ ಪೂವಪ್ಪ ಒಬ್ಬ ಗೈರುಹಾಜರು ಹೇಗೆ ಆಗ್ತಾನೆ?"

"ಸರ್, ಗಾಯಕ್ಕೆ ವಾರದ ರಜೆ ಇಲ್ಲ. ಗಂಟೆ ಲೆಕ್ಕ."

"ಗಂಟೆ ಅಂದ್ರೆ ಡ್ಯೂಟಿಯ ಗಂಟೆ. ದಿನಕ್ಕೆ ಎಂಟು. ಎಂಟಾರಲ ನಲವತ್ತೆಂಟು. ಇನ್ನೂ ಆರು ದಿನ ಉಂಟು!"

ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಉಡುಪಿಯಲ್ಲಿ ಬಿ.ಕಾಂ. ಮಾಡಿದ ಮನುಷ್ಯ, ಮಗ್ಗಿ ಒಪ್ಪಿಸಿ ಕಾನೂನು ಹೇಳುತ್ತಿದ್ದಾರೆ.

ನಿಜ ಹೇಳಬೇಕೆಂದರೆ ನನ್ನ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೆಯೇ ಇತ್ತು. ಹೋದ ವರ್ಷ ಸಂಗಮೇಶನ ಬಲಗೈ ಬೆರಳುಗಳು ಇದೇ ಪ್ರೆಸ್ಸಿಗೆ ಸಿಕ್ಕಾಗ, ರಾಯರ ಮಾತು ಕೇಳಿ 'ಸ್ವಂತ ಕೆಲಸಕ್ಕೆ ರಜೆ' ಎಂದು ಬರೆದವಳು ನಾನೇ. ಬೆರಳು ಮಡಚಲಾಗದೆ ಆತ ಪರಿಹಾರ ಕೇಳಲು ವಿಮಾ ಕಚೇರಿಗೆ ಹೋದರೆ, ಅಪಘಾತದ ದಾಖಲೆಯೇ ಇಲ್ಲವೆಂದು ವಾಪಸ್ ಕಳಿಸಿದರು. ಈಗ ಆತ ನಮ್ಮ ಗೇಟಿನ ವಾಚ್‌ಮನ್. ಹಲಗೆಯ ಮೇಲೆ ದಿನವೂ ಸಂಖ್ಯೆ ಬರೆಯುವುದೂ ಅವನೇ, ಎಡಗೈಯಲ್ಲಿ. ಬೆಳಿಗ್ಗೆ ಅವನನ್ನು ದಾಟಿ ಒಳಗೆ ಹೋಗುವಾಗ ನಾನು ಮೊಬೈಲ್ ನೋಡಿಕೊಳ್ಳುತ್ತೇನೆ.

ಶುಕ್ರವಾರ ಮಧ್ಯಾಹ್ನ ಡೊಂಬಿವಿಲಿಯ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ರಾಯರ ಫೋನು. "ಬೇಗ ಬನ್ನಿ. ಪೂವಪ್ಪ ಡ್ಯೂಟಿಗೆ ಬಂದಿದ್ದಾನೆ. ಹಾಜರಿ ಮಷೀನು ತಗೊಳ್ತಾ ಇಲ್ಲ."

ಕೈ ತೊಳೆದು ಕರ್ಜತ್ ಲೋಕಲ್ ರೈಲು ಹಿಡಿದೆ. ದಾರಿಯುದ್ದಕ್ಕೂ ಬೈದುಕೊಂಡೇ ಹೋದೆ. ನಾನು ತಲುಪಿದಾಗ ಮೂರೂವರೆ. ಬಾಗಿಲು ಮುಚ್ಚಿದ ಫ್ಯಾಕ್ಟರಿಯಲ್ಲಿ, ಹಾಜರಿ ಹಾಕುವ ಟೈಮ್ ಆಫೀಸಿನ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಪೂವಪ್ಪಣ್ಣ ಕೂತಿದ್ದ. ಬ್ಯಾಂಡೇಜು ಮಣಿಕಟ್ಟಿನವರೆಗೆ. ಫ್ಯಾನಿನ ಕೆಳಗಿದ್ದರೂ ಮುಖವೆಲ್ಲ ಬೆವರು. ರಾಯರೇ ರಿಕ್ಷಾ ಕಳಿಸಿ ಉಲ್ಹಾಸನಗರದಿಂದ ಕರೆಸಿದ್ದರಂತೆ. ನಾಲ್ಕು ಹತ್ತರ ಒಳಗೆ ಹಾಜರಿ ಬಿದ್ದರೆ ನಲವತ್ತೆಂಟು ಗಂಟೆ ಮುರಿಯುತ್ತದೆ, ಅಪಘಾತವೇ ಆಗಿಲ್ಲವೆಂದು ಆಗುತ್ತದೆ ಎಂಬುದು ಅವರ ಹೊಸ ಲೆಕ್ಕ. ಆದರೆ ಮಷೀನಿಗೆ ಬೇಕಾದದ್ದು ಬಲಗೈ ಹೆಬ್ಬೆರಳು. ಬೆರಳು ಜಜ್ಜಿದವನಿಂದ ಆ ಬೆರಳಿನ ಗುರುತೇ ಬೇಕೆಂಬುದು ರಾಯರ ತಲೆಗೆ ಹೊಳೆದೇ ಇರಲಿಲ್ಲ.

"ಎಡಗೈದು ಹಾಕಿ," ಎಂದರು.

"ಹೊಸ ಬೆರಳಿಗೆ ಫಾರ್ಮ್ ಬೇಕು ಸರ್. ಕಾರಣ ಬರೀಬೇಕು, ನೀವು ಸಹಿ ಹಾಕಬೇಕು. ರೂಲ್ ಮಾಡಿದ್ದು ನೀವೇ."

"ಮಷೀನಿನ ಎಣ್ಣೆಗೆ ಬೆರಳಿನ ಗೆರೆ ಸವೆದಿದೆ ಅಂತ ಬರೀರಿ. ಎಲ್ಲರದ್ದೂ ಸವೀತದೆ."

"ಬರೀರಿ ಅಕ್ಕಾ," ಎಂದ ಪೂವಪ್ಪಣ್ಣ. "ನೋವು ಎಂತದೂ ಇಲ್ಲ. ನನಗೆ ಕೆಲಸ ಕೊಡಿಸಿದ್ದು ರಾಯರೇ ಅಲ್ವಾ? ನನ್ನಿಂದ ಅವರಿಗೆ ತೊಂದರೆ ಬೇಡ."

ಅವನ ಮೇಲೂ ಸಿಟ್ಟು ಬಂತು. ಇಂಥ ಒಳ್ಳೆಯತನ ಇಟ್ಟುಕೊಂಡು ಏನು ಮಾಡುವುದು? ಕಿಟಕಿಯಾಚೆ ಸಂಗಮೇಶ ಎಡಗೈಯಲ್ಲಿ ಚಹದ ಲೋಟ ಹಿಡಿದು ನಮ್ಮನ್ನೇ ನೋಡುತ್ತಿದ್ದ. ಈ ಸಲ ಕಣ್ಣು ತಪ್ಪಿಸಿ ನೋಡಲು ನನ್ನ ಕೈಯಲ್ಲಿ ಮೊಬೈಲ್ ಇರಲಿಲ್ಲ. ಪೆನ್ನಿತ್ತು.

ಬರೆದೆ. ರಾಯರು ಕನ್ನಡಕ ಏರಿಸಿ ಓದಿದರು. 'ಕಾರಣ: ಬುಧವಾರ ಸಂಜೆ 4:10ಕ್ಕೆ ಪ್ರೆಸ್ಸಿನಲ್ಲಿ ಬಲ ಹೆಬ್ಬೆರಳು ಜಜ್ಜಿದೆ. ಈ ಕೈಯಿಂದ ಕೆಲಸ ಮಾಡಲಾಗದು.'

"ಇದಕ್ಕೆ ನಾನು ಸಹಿ ಹಾಕಬೇಕಾ?"

"ಬೇಡ ಸರ್. ಹಾಕದಿದ್ರೆ ಹಾಜರಿ ಬೀಳೋದಿಲ್ಲ. ಹಾಕಿದ್ರೆ ಅಪಘಾತ ಆಗಿದೆ ಅಂತ ನೀವೇ ಬರೆದುಕೊಟ್ಟ ಹಾಗೆ. ಯಾವುದಾದ್ರೂ ಸರಿ, ನನ್ನ ವರದಿ ಇವತ್ತೇ ಹೋಗ್ತದೆ."

"ನಿಮಗೆ ಕೆಲಸ ಬೇಕಾ ಬೇಡ್ವಾ ಲೋಲಾಕ್ಷಿ?"

"ಬೇಕು ಸರ್. ಅದಕ್ಕೇ ಮಾಡ್ತಾ ಇದ್ದೇನೆ."

ರಾಯರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. ಯಾರಿಗೋ ಫೋನು ಹಚ್ಚಿದರು. ಆ ಕಡೆ ಯಾರೂ ಎತ್ತಲಿಲ್ಲ. ಗೋಡೆಯ ಗಡಿಯಾರದಲ್ಲಿ ನಾಲ್ಕು ಹತ್ತಾಯಿತು, ನಾಲ್ಕು ಹನ್ನೊಂದಾಯಿತು. ರಾಯರು ಫಾರ್ಮನ್ನು ಮೇಜಿನ ಮೇಲೆ ಎಸೆದು ಹೊರಗೆ ಹೋದರು.

ನಾನು ಕಂಪ್ಯೂಟರ್ ಹಾಕಿ ವರದಿ ತುಂಬಿದೆ. ಕಳಿಸಿದ ಮೇಲೆ ಕಿಟಕಿಯ ಬಳಿ ಸಂಗಮೇಶನ ದನಿ ಕೇಳಿಸಿತು. "ಅಕ್ಕಾರ, ಹಲಗಿ ಮ್ಯಾಲೆ ಈಗ ಏನ್ ಬರೀಲ್ರಿ?"

"ಸೊನ್ನೆ ಬರಿ," ಎಂದೆ. "ನಿನ್ನ ಅಪಘಾತದ ತಾರೀಖು ನೆನಪಿದ್ರೆ ನಾಳೆ ಬಂದು ಹೇಳು. ಅದನ್ನೂ ಬರೆದುಕೊಡ್ತೇನೆ, ಅವತ್ತು ಸುಳ್ಳು ಬರೆದದ್ದು ನಾನೇ ಅಂತ."

ಆತ ಬಟ್ಟೆ ತೆಗೆದುಕೊಂಡು ಹಲಗೆ ಒರೆಸಲು ಹೋದ.

ಪೂವಪ್ಪಣ್ಣ ಮಾತ್ರ ಕುರ್ಚಿಯಲ್ಲಿ ಹಾಗೆಯೇ ಕೂತಿದ್ದ. ಗಡಿಯಾರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.

"ಎಲ್ಲ ಮುಗೀತಾ ಅಕ್ಕಾ?"

"ಮುಗೀತು ಪೂವಪ್ಪಣ್ಣ."

"ಹಾಗಾದ್ರೆ ನಾನು ಮನೆಗೆ ಹೋಗ್ಲಾ?" ಎಂದು ಬ್ಯಾಂಡೇಜಿನ ಕೈಯನ್ನು ಎದೆಗೆ ಒತ್ತಿಕೊಂಡ. "ತುಂಬಾ ನೋಯ್ತಾ ಉಂಟು."