ಗಂಟೆಯಿಲ್ಲದ ಶನಿವಾರ

ಸೆರಫಿನಾ ಬಾಯಿ ಗಂಟೆಯ ಹಗ್ಗವನ್ನು ಗೋಡೆಯ ಕೊಕ್ಕೆಗೆ ಮೂರು ಸುತ್ತು ಸುತ್ತಿ, ಗಂಟಿನ ಮೇಲೆ ಗಂಟು ಬಿಗಿದು, ಗೋಪುರದ ಬಾಗಿಲಿಗೆ ಅಡ್ಡಲಾಗಿ ಕುಳಿತುಬಿಟ್ಟಳು. ಕಾರ್ಕಳದಿಂದ ಮೊದಲ ಬಸ್ಸು ಹಿಡಿದು ಬಂದವಳು ತಮ್ಮನ ಹೆಣ ನೋಡಲು ಹೋಗಿರಲಿಲ್ಲ, ನೇರವಾಗಿ ಇಗರ್ಜಿಗೇ ಬಂದಿದ್ದಳು. ವಯಸ್ಸು ಎಪ್ಪತ್ತೆರಡು, ಹಟಕ್ಕೆ ಮಾತ್ರ ಇಪ್ಪತ್ತೇ.

ತಮ್ಮ ರೊಸಾರಿಯೊ ಈ ಇಗರ್ಜಿಯಲ್ಲಿ ನಲವತ್ತು ವರ್ಷ ಗಂಟೆ ಬಾರಿಸಿದವನು. ಊರಲ್ಲಿ ಯಾರು ಸತ್ತರೂ ಸುದ್ದಿ ಅವನ ಕೈಯಿಂದಲೇ ಹೊರಡಬೇಕು. ಅಂಥವನು ಹಿಂದಿನ ದಿನ, ಶುಭ ಶುಕ್ರವಾರ ಬೆಳಿಗ್ಗೆ ತೀರಿಕೊಂಡಿದ್ದ. ಗುರುವಾರ ಸಂಜೆಯಿಂದ ಶನಿವಾರ ರಾತ್ರಿಯ ಈಸ್ಟರ್ ಪೂಜೆಯವರೆಗೆ ಗಂಟೆಗೆ ಬಾಯಿಲ್ಲ. ಯೇಸುಸ್ವಾಮಿಯ ಮರಣದ ಶೋಕ ಅದು. ಆ ದಿನಗಳಲ್ಲಿ ಕಟಕಟ ಹಲಗೆಯೇ ಗತಿ. ಹಿಡಿಕೆ ಹಿಡಿದು ಅಲುಗಿಸಿದರೆ ಮರದ ಸುತ್ತಿಗೆ ಹಲಗೆಗೆ ಬಡಿಯುತ್ತದೆ, ಅಷ್ಟೇ.

"ಏಳಿ ಬಾಯಿ," ಎಂದರು ಹೊಸದಾಗಿ ಬಂದ ಪಾದ್ರಿ. "ನಲವತ್ತು ವರ್ಷ ಬಾರಿಸಿದವರಿಗೆ ಒಂದು ಪೆಟ್ಟಾದರೂ ಬೇಡವಾ? ಬಿಷಪರಿಗೆ ನಾನು ಉತ್ತರ ಕೊಡುತ್ತೇನೆ."

"ನನ್ನ ಗಂಡ ಸತ್ತಾಗ ಈ ಉತ್ತರ ಎಲ್ಲಿತ್ತು ಫಾದರ್?"

"ಆಗ ನಾನು ಇಲ್ಲಿರಲಿಲ್ಲ."

"ಅವನಿದ್ದನಲ್ಲ! ನನ್ನ ಗಂಡನಿಗೆ ಇಲ್ಲದ ಗಂಟೆ ಅವನಿಗೂ ಬೇಡ."

ಹಬ್ಬದ ಸನ್ನಣ ಕಡುಬಿನ ಹಿಟ್ಟಿಗೆ ಕಳ್ಳು ತಂದಿದ್ದ ಅಣ್ಣು ಮಡಕೆ ಕೆಳಗಿಟ್ಟ. "ಸತ್ತವರ ಹತ್ತಿರ ಎಂತ ಜಗಳ ಬಾಯಮ್ಮ?"

"ನೀನು ನಿನ್ನ ಕಳ್ಳು ನೋಡಿಕೋ."

* * *

ಅದು ಎಪ್ಪತ್ತೊಂದನೆಯ ಇಸವಿ, ಹೀಗೆಯೇ ಈಸ್ಟರಿನ ಹಿಂದಿನ ಶನಿವಾರ. ಗಂಡನ ಹೆಣ ಮನೆಯಲ್ಲಿತ್ತು. ಸೆರಫಿನಾ ಸ್ವಂತ ತಮ್ಮನ ಕಾಲು ಹಿಡಿದಿದ್ದಳು, ಅದೂ ಹತ್ತು ಜನರ ಎದುರು.

"ಈ ಗಂಟೆ ಮೇಲೆ ಏರಿಸುವಾಗ ಹಗ್ಗ ಎಳೆದವರು ನಿನ್ನ ಭಾವ. ಮೂರೇ ಪೆಟ್ಟು ಬಾರಿಸು ರೊಸಾರ್."

"ಯೇಸುಸ್ವಾಮಿಗೇ ಇಲ್ಲದ ಗಂಟೆ ಭಾವನಿಗೆ ಹೇಗೆ ಬಾರಿಸಲಿ ಬಾಯಿ?"

ಬಾರಿಸಲಿಲ್ಲ. ಹಲಗೆ ಹಿಡಿದು ಶವಪೆಟ್ಟಿಗೆಯ ಮುಂದೆ ನಡೆದ. ಮನೆಯಿಂದ ಸಮಾಧಿಯವರೆಗೆ ಒಂದೂವರೆ ಮೈಲಿ ಒಂದು ಕ್ಷಣವೂ ನಿಲ್ಲಿಸದೆ ಅಲುಗಿಸಿದ. ಹಿಂದಿನಿಂದ ಅವನ ಬೆನ್ನು ನೋಡುತ್ತಾ ನಡೆದ ಸೆರಫಿನಾಳಿಗೆ, ನಾಯಿ ಸತ್ತರೂ ಇಷ್ಟು ಹಗುರವಾಗಿ ಒಯ್ಯುವುದಿಲ್ಲ ಅನ್ನಿಸಿತ್ತು. ದೇವರ ಮೇಲೆ ಬಂದ ಸಿಟ್ಟನ್ನೂ ಸೇರಿಸಿ ತಮ್ಮನ ಮೇಲೆಯೇ ಹೊರಿಸಿದಳು. ದೇವರು ಕೈಗೆ ಸಿಗುವವನಲ್ಲವಲ್ಲ!

ಮರುದಿನ ಈಸ್ಟರ್. ರೊಸಾರಿಯೊ ಬಲಗೈಗೆ ಬಟ್ಟೆ ಸುತ್ತಿಕೊಂಡು, ಎಡಗೈಯಲ್ಲಿ ಸನ್ನಣದ ತಟ್ಟೆ ಹಿಡಿದು ಬಂದ. ಅವಳು ತಟ್ಟೆಯನ್ನು ಅಂಗಳಕ್ಕೆ ಎಸೆದಳು, ಕೋಳಿಗಳು ತಿಂದವು. ಕೈಗೆ ಏನಾಯಿತೆಂದು ಕೇಳಲಿಲ್ಲ. ಆಮೇಲೆ ಅವಳು ಮಗಳ ಮನೆಗೆಂದು ಕಾರ್ಕಳಕ್ಕೆ ಹೋದಳು. ಅವನು ಪ್ರತಿ ಈಸ್ಟರಿಗೂ ಬಸ್ಸು ಹಿಡಿದು ಅಲ್ಲಿಗೂ ತಟ್ಟೆ ಹೊತ್ತುಕೊಂಡು ಹೋದ. ಕಾರ್ಕಳದ ಕೋಳಿಗಳೂ ಹಬ್ಬ ಮಾಡಿದವು.

* * *

"ಗಂಟು ಬಿಚ್ಚುವುದು ಬೇಡ ಫಾದರ್."

ರೊಸಾರಿಯೊನ ಮಗ ಮೌರಿಸ್ ಕಂಕುಳಲ್ಲಿ ಕಟಕಟ ಹಲಗೆ ಇಟ್ಟುಕೊಂಡು ಬಂದಿದ್ದ. "ಪಪ್ಪ ಗುರುವಾರವೇ ಹೇಳಿದ್ದಾರೆ. ಭಾವನಿಗೆ ಇಲ್ಲದ ಗಂಟೆ ನನಗೂ ಬೇಡ ಅಂತ."

ಸೆರಫಿನಾಳಿಗೆ ಕೈಗೆ ಬಂದ ತುತ್ತು ಬಾಯಿಗೆ ಬರದಂತಾಯಿತು. ಅವಳು ಹಾಕಿದ ಗಂಟಿಗೆ ಈಗ ಕಾಸಿನ ಬೆಲೆಯಿರಲಿಲ್ಲ.

ಮೌರಿಸ್ ಅವಳ ಕಡೆ ತಿರುಗಿದ. "ಈ ಹಲಗೆ ನಿಮ್ಮ ಕೈಗೇ ಕೊಡಬೇಕಂತೆ. ನನಗೆ ಮನಸ್ಸಿಲ್ಲ ಆಂಟಿ. ಹದಿನಾಲ್ಕು ವರ್ಷ ಅವರನ್ನು ಅಂಗಳದಿಂದಲೇ ಓಡಿಸಿದವರು ನೀವು. ಆದರೆ ಪಪ್ಪನ ಮಾತು, ಎಂತ ಮಾಡುವುದು?"

"ಸತ್ತ ಮೇಲೂ ಅವನದ್ದೇ ಮೇಲುಗೈ ಆಗಬೇಕಲ್ಲ!" ಎಂದು ಸೆರಫಿನಾ ಹಲಗೆಯನ್ನು ಕಸಿದುಕೊಂಡಳು.

ರೊಸಾರಿಯೊನ ಮನೆಯಿಂದ ಪೆಟ್ಟಿಗೆ ಹೊರಟಿತು. ಅದರ ಮುಂದೆ ಅವಳು. ತಮ್ಮನ ಮೇಲಿನ ಸಿಟ್ಟನ್ನೆಲ್ಲ ತೋಳಿಗೆ ತಂದುಕೊಂಡು ಅಲುಗಿಸಿದಳು. ಕಟಕಟ, ಕಟಕಟ. ಹಿಡಿಕೆ ತೆಳ್ಳಗಿತ್ತು, ಅಂಚು ಒರಟು. ಅರ್ಧ ದಾರಿಯಲ್ಲೇ ಅಂಗೈ ಉರಿಯತೊಡಗಿತು. "ಸಾಕು ಬಾಯಮ್ಮ, ನಾನು ಹಿಡಿಯುತ್ತೇನೆ" ಎಂದ ಅಣ್ಣುವನ್ನು ಮೊಣಕೈಯಿಂದ ತಳ್ಳಿದಳು. ಪಾದ್ರಿ ಕೊನೆಯ ಪ್ರಾರ್ಥನೆ ಮುಗಿಸಿದರು, ಎಲ್ಲರೂ ಹಿಡಿ ಮಣ್ಣು ಹಾಕಿದರು, ಅವಳು ನಿಲ್ಲಿಸಲಿಲ್ಲ. ಕೊನೆಗೆ ಮೌರಿಸ್‌ನ ಹೆಂಡತಿ ಪ್ರಫುಲ್ಲಾ ಬಂದು ಅವಳ ಬೆರಳುಗಳನ್ನು ಹಿಡಿಕೆಯಿಂದ ಒಂದೊಂದಾಗಿ ಬಿಡಿಸಬೇಕಾಯಿತು.

ಅಂಗೈಯ ಚರ್ಮ ಸುಲಿದಿತ್ತು.

"ಕೈ ಕೊಡಿ. ರಕ್ತ ಬರ್ತಾ ಉಂಟು," ಎಂದು ಪ್ರಫುಲ್ಲಾ ಮುಖ ಗಂಟಿಕ್ಕಿಕೊಂಡೇ ಬಿಳಿ ಬಟ್ಟೆಯೊಂದನ್ನು ಹರಿದು ಸುತ್ತಿದಳು.

ಸೆರಫಿನಾ ಬಲಗೈಗೆ ಸುತ್ತಿದ ಆ ಬಟ್ಟೆಯನ್ನು ನೋಡಿದಳು. ನೋಡುತ್ತಲೇ ನಿಂತಳು. ಎಲ್ಲರೂ ಮನೆಯ ದಾರಿ ಹಿಡಿದರೂ ಅವಳು ಅತ್ತ ಹೋಗಲಿಲ್ಲ.

ಈಸ್ಟರ್ ಪೂಜೆಗೆ ದೀಪ ಸರಿಮಾಡಲು ಇಗರ್ಜಿಗೆ ಬಂದ ಪಾದ್ರಿಗೆ ಗೋಪುರದ ಕೆಳಗೆ ಅವಳು ಕಂಡಳು. ಬಟ್ಟೆ ಸುತ್ತಿದ ಬಲಗೈ ಉಪಯೋಗಕ್ಕಿರಲಿಲ್ಲ, ಎಡಗೈ ಒಂದೇ ಸಾಲುತ್ತಿರಲಿಲ್ಲ. ತಾನೇ ಬಿಗಿದ ಗಂಟನ್ನು ಅವಳು ಹಲ್ಲಿನಿಂದ ಕಚ್ಚಿ ಬಿಡಿಸುತ್ತಿದ್ದಳು.