ಒಳಗಿನ ಚಿಲಕ

ಇಂಜಿನ್ನು ಟುಕ್ ಟುಕ್ ಎಂದು ಶುರುವಾಗಿ, ಪಟ್ಟಾ ಬಿಗಿದುಕೊಂಡು ಗಿರಣಿ ಕಲ್ಲು ತಿರುಗತೊಡಗಿದ್ದೇ ತಡ, ಒಳಮನೆಯ ಕದ ಮುಚ್ಚಿಕೊಂಡಿತು. ಚಿಲಕ ಹಾಕಿದ ಸದ್ದು ಬಾಳಮ್ಮನಿಗೆ ಕೇಳಿಸಲಿಲ್ಲ; ಆ ಗದ್ದಲದಲ್ಲಿ ಸಿಡಿಲು ಬಿದ್ದರೂ ಕೇಳಿಸುತ್ತಿರಲಿಲ್ಲ. ಆದರೆ ಗಿರಣಿಯ ಕಟ್ಟೆಯ ಮೇಲೆ ಆಕೆ ಕೂತ ಜಾಗದಿಂದ ಪಡಸಾಲೆ ದಾಟಿ ಒಳಮನೆಯ ಬಾಗಿಲು ನೆಟ್ಟಗೆ ಕಾಣುತ್ತಿತ್ತು. ಇಷ್ಟು ಹೊತ್ತು ಅರ್ಧ ತೆರೆದಿದ್ದ ಕದ, ಕಲ್ಲು ತಿರುಗಿದ ಮೇಲೆ ಮುಚ್ಚಬೇಕೇಕೆ? ಇದು ಆಕೆಯ ಕಣ್ಣಿಗೆ ಬಿದ್ದು ಇವತ್ತಿಗೆ ನಾಲ್ಕನೆಯ ದಿನ.

"ಯಕ್ಕಾ, ನನ್ನ ಪಾಳಿ ಬಂತೇನ?" ಜೋಳದ ಬುಟ್ಟಿ ಕಾಲಿಂದ ಮುಂದೆ ನೂಕುತ್ತ ಹುಲಿಗೆವ್ವ ಕೂಗಿದಳು. ಆಮೇಲೆ ಬಾಳಮ್ಮನ ಕಣ್ಣು ಹೋದ ಕಡೆಗೇ ತನ್ನ ಕಣ್ಣನ್ನೂ ಕಳಿಸಿದಳು. ಕದ ನೋಡಿದಳು. ಅಷ್ಟು ಸಾಕಾಯಿತು. ಹತ್ತಿರ ಬಂದು ಬಾಳಮ್ಮನ ಕಿವಿಗೇ ಬಾಯಿ ಹಚ್ಚಿದಳು. "ಕೂಸು ಒಳಗೈತೇನ?"

"ಹೂಂ."

"ಮಲತಾಯಿ ಕೈಯಾಗಿನ ತುತ್ತು ಬಾಯಿತನಾ ಬರೂದ್ರಾಗ ಸಣ್ಣ ಆಗಿರ್ತೈತಿ ನೋಡ. ನಾ ಏನೂ ಅನ್ನಂಗಿಲ್ಲವಾ. ನಿಮ್ಮ ಮನೀದು ನಿಮಗ."

ಏನೂ ಅನ್ನುವುದಿಲ್ಲ ಎನ್ನುವವರು ಅಂದ ಮಾತೇ ಮೈಯೊಳಗೆ ಮುಳ್ಳಾಗಿ ಉಳಿಯುವುದು. ಹುಲಿಗೆವ್ವ ಹಿಟ್ಟು ಹೊತ್ತುಕೊಂಡು ಹೋದಳು. ಮುಳ್ಳು ಬಾಳಮ್ಮನಲ್ಲೇ ಉಳಿಯಿತು.

ಯಂಕಂಚಿಯಲ್ಲಿ ಆ ಮನೆಗೆ ಗಿರಣಿ ಮನಿ ಎಂದೇ ಹೆಸರು. ಗಿರಣಿ ನಡೆಸುವವನು ಮಗ ಮಡಿವಾಳಪ್ಪ, ಹೆಂಗಸರ ಬುಟ್ಟಿಗಳ ಪಾಳಿ ನೋಡುವವಳು ಬಾಳಮ್ಮ. ಮೊದಲ ಸೊಸೆ ಚನ್ನವ್ವ ಆರು ತಿಂಗಳ ಕೂಸನ್ನು ಬಿಟ್ಟು ಜ್ವರದಲ್ಲಿ ಹೋಗಿದ್ದಳು. ಆ ಕೂಸೇ ಹೊನ್ನವ್ವ, ಎಲ್ಲರ ಬಾಯಲ್ಲಿ ಹೊನ್ನಿ. ಮೂರು ವರ್ಷ ಬಾಳಮ್ಮನೇ ತಾಯಿ, ಬಾಳಮ್ಮನೇ ತೊಟ್ಟಿಲು. ಒಂದೂವರೆ ವರ್ಷದವಳಿದ್ದಾಗ ಒಂದು ಚೂರು ರೊಟ್ಟಿ ಗಂಟಲಲ್ಲಿ ಸಿಕ್ಕು ಹೊನ್ನಿಯ ಮುಖ ನೀಲಿಗಟ್ಟಿತ್ತು. ಬೆನ್ನು ಗುದ್ದಿ ಗುದ್ದಿ ಹೊರಗೆ ಹಾಕಿಸಿದ್ದಳು. ಅವತ್ತಿನಿಂದ ಗಟ್ಟಿ ಪದಾರ್ಥ ಆ ಬಾಯಿಗೆ ಹೋಗಿರಲಿಲ್ಲ. ಕಾಲು ಚಾಚಿ ಕೂತು, ಮೊಮ್ಮಗಳನ್ನು ಮೊಳಕಾಲ ಕೆಳಗೆ ಅಂಗಾತ ಮಲಗಿಸಿ, ಮೂತಿಯಿರುವ ಬೆಳ್ಳಿಯ ಒಳಲೆಯಿಂದ ತೆಳ್ಳಗಿನ ಗಂಜಿ ಹೊಯ್ಯುತ್ತಿದ್ದಳು. ಕೂಸು ಅತ್ತರೆ ಗಂಜಿ, ಅಳುವ ಮೊದಲೇ ಗಂಜಿ. ಕಣ್ಣು ನೀರಿನ ಕೊಡದ ಕಡೆ ತಿರುಗಿದರೆ ನೀರು.

ಮೂರೂವರೆಯಾದರೂ ಹೊನ್ನಿ ಒಂದು ಮಾತು ಆಡಿರಲಿಲ್ಲ. ಬಜೆಯ ಬೇರು ತೇಯ್ದು ನಾಲಗೆಗೆ ಸವರಿದ್ದಾಯಿತು, ಗಿಳಿ ಕಚ್ಚಿದ ಪೇರಲಹಣ್ಣನ್ನು ಹಿಸುಕಿ ನೆಕ್ಕಿಸಿದ್ದಾಯಿತು. ಕಿವಿ ಚೆನ್ನಾಗಿತ್ತು, ಇಂಜಿನ್ನು ನಿಂತರೆ ತಿರುಗಿ ನೋಡುತ್ತಿದ್ದಳು. ಮಾತು ಮಾತ್ರ ಇಲ್ಲ. ಮೂಗಿಯಾದ ಹೆಣ್ಣುಕೂಸು ನಾಳೆ ಯಾರ ಮನೆಯ ಹೊಸ್ತಿಲು ತುಳಿದೀತು ಎಂಬುದು ಬಾಳಮ್ಮನ ಚಿಂತೆ. ಅದರ ಮೇಲೆ, ನಾಲ್ಕು ತಿಂಗಳ ಹಿಂದೆ, ನಾಲತವಾಡದಿಂದ ಈ ಶಂಕ್ರೆವ್ವ ಎರಡನೆಯ ಸೊಸೆಯಾಗಿ ಬಂದಿದ್ದಳು. ಮಾತು ಕಡಿಮೆ, ಕೆಲಸ ಚುರುಕು. ಬಾಳಮ್ಮನಿಗೆ ಅದೂ ಸಂಶಯವೇ. ಬಾಯಿ ಬಿಡದವರ ಹೊಟ್ಟೆಯಲ್ಲಿ ಏನಿದೆಯೋ ಯಾರು ಕಂಡಿದ್ದಾರೆ?

ಗುರುತುಗಳು ಒಂದೊಂದಾಗಿ ಸಿಗತೊಡಗಿದ್ದವು. ಮೊನ್ನೆ ಮಲಗಿದ ಹೊನ್ನಿಯ ತುಟಿಯ ಅಂಚಿಗೆ ಇರುವೆ ಮುತ್ತಿದ್ದವು. ಒರೆಸಿದರೆ ಬೆರಳಿಗೆ ಬೆಲ್ಲದ ಅಂಟು. ಬೆಲ್ಲವನ್ನು ಬಾಯೊಳಗೆ ಇಡುತ್ತಾರೆ, ಬಾಯಿಯ ಹೊರಗೆ ಯಾರು ಸವರುತ್ತಾರೆ? ನಿನ್ನೆ ಹೊದೆಯುವ ಕೌದಿ ಝಾಡಿಸುವಾಗ ಅದರ ಮಡಿಕೆಯಲ್ಲಿ ಕನ್ನಡಿ ಸಿಕ್ಕಿತು. ಮಾತು ಬಾರದ ಕೂಸಿಗೆ ಕನ್ನಡಿ ತೋರಿಸಿದರೆ ಮಾತು ಕನ್ನಡಿಯೊಳಗೇ ಉಳಿದುಬಿಡುತ್ತದೆ ಎಂದು ತಿಳಿಯದ ಹೆಂಗಸು ಆ ಸೀಮೆಯಲ್ಲೇ ಇರಲಿಲ್ಲ. ಬಾಳಮ್ಮ ಕನ್ನಡಿಯನ್ನು ಇದ್ದಲ್ಲೇ ಇಟ್ಟಳು. ಹಿಡಿದರೆ ತೋರಿಸುವ ಕೈಯೊಂದಿಗೇ ಹಿಡಿಯಬೇಕು. ಕದ ಮುಚ್ಚುವುದು ಕಂಡ ದಿನದಿಂದ, ಕೂಸು ಉಪವಾಸ ಸಾಯಬಾರದೆಂದು ಗಿರಣಿಗೆ ಹೋಗುವ ಮುಂಚೆ ಕದ್ದು ಒಂದು ಒಳಲೆ ಗಂಜಿ ಹೊಯ್ದು ಹೋಗುತ್ತಿದ್ದಳು.

ಆಕೆ ಕಟ್ಟೆಯಿಂದಿಳಿದು ಪಡಸಾಲೆಗೆ ಬಂದಳು. ಒಳಮನೆಯ ಕದದ ಎರಡು ಹಲಗೆಗಳ ನಡುವೆ ಬೆರಳಗಲ ಸೀಳು. ಕಣ್ಣು ಹಚ್ಚಿದಳು.

ಒಳಗೆ ಶಂಕ್ರೆವ್ವ ನೆಲಕ್ಕೆ ಕೂತಿದ್ದಳು. ಎದುರಿಗೆ ಹೊನ್ನಿ, ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ. ನಡುವೆ ಕನ್ನಡಿ. ಶಂಕ್ರೆವ್ವ ಬಾಯಿ ಅಗಲಿಸುತ್ತಿದ್ದಳು, ಮುಚ್ಚುತ್ತಿದ್ದಳು, ನಾಲಗೆ ಹೊರಗೆ ಹಾಕುತ್ತಿದ್ದಳು. ಮೈಮೇಲೆ ಬಂದವರು ಮಾಡಿದ ಹಾಗೆ. ಇಂಜಿನ್ನಿನ ಸದ್ದಿನಲ್ಲಿ ಒಂದಕ್ಷರ ಕೇಳಿಸದು. ಬರೀ ಬಾಯಿ ಕಾಣುತ್ತಿತ್ತು. ಮೊರದಲ್ಲಿದ್ದ ಹೊಟ್ಟನ್ನು ಕೂಸಿನ ಮುಖದ ಮುಂದೆ ಹಿಡಿದು ಉಫ್ ಎಂದು ಊದಿದಳು. ಆಮೇಲೆ ಒಂದು ಬಟ್ಟಲು ಎತ್ತಿದಳು. ಹೊನ್ನಿ ಕೈ ಚಾಚಿದಳು. ಶಂಕ್ರೆವ್ವ ಬಟ್ಟಲನ್ನು ಹಿಂದಕ್ಕೆ ಎಳೆದುಕೊಂಡಳು. ಕೂಸಿನ ಮುಖ ಅಳುವಿಗೆ ಸೊಟ್ಟಗಾಯಿತು. ಆದರೂ ಕೊಡಲಿಲ್ಲ. ಬಟ್ಟಲು ಹಿಡಿದುಕೊಂಡು, ಕಣ್ಣು ಮಿಟುಕಿಸದೆ, ಹಾಗೇ ಕೂತಳು.

ಬಾಳಮ್ಮ ಕದ ಬಡಿಯಲು ಎತ್ತಿದ ಕೈಯನ್ನು ಇಳಿಸಿದಳು. ಈಗ ಬಡಿದರೆ ಬಟ್ಟಲು ಕೂಸಿನ ಕೈಗೆ ಹೋಗುತ್ತದೆ, ಕನ್ನಡಿ ಕೌದಿಯೊಳಗೆ ಹೋಗುತ್ತದೆ, ಸುಳ್ಳುಗಾತಿ ನಾನಾಗುತ್ತೇನೆ. ಮಗ ಕಣ್ಣಾರೆ ನೋಡಬೇಕು.

ಸಂಜೆ ಮಡಿವಾಳಪ್ಪ ಹುಬ್ಬಿನ ಹಿಟ್ಟು ತೊಳೆದುಕೊಂಡು ಉಣ್ಣಲು ಕೂತಾಗ, ಶಂಕ್ರೆವ್ವ ಬಾವಿಗೆ ಹೋದದ್ದು ನೋಡಿ ಹೇಳಿದಳು. ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ.

"ಯವ್ವಾ, ನೀ ಚನ್ನಿ ಮ್ಯಾಲೂ ಸಂಶೆ ಪಟ್ಟಾಕಿ. ಉಪ್ಪು ಕದ್ದು ತವರಮನಿಗೆ ಕಳಸ್ತಾಳಂತ ಅಂದಿದ್ದಿಲ್ಲೇನ? ಉಪ್ಪು ಯಾರರ ಕಳಸ್ತಾರೇನ?"

"ಅದು ಬ್ಯಾರೆ, ಇದು ಬ್ಯಾರೆ. ಗಿರಣಿ ಚಾಲೂ ಇದ್ದಾಗ ಯಾಕ ಬಾಗಲಾ ಹಾಕ್ತಾಳ? ಕೂಸು ಅತ್ತರ ಕೇಳಬಾರದಂತ. ಕನ್ನಡಿ ತೋರ್ಸಾಕತ್ತಾಳೋ ತಮ್ಮಾ! ಉಣ್ಣಾಕ ತೋರ್ಸಿ ಕೊಡವಲ್ಲಳು. ಈ ಕಣ್ಣಿಂದ ನೋಡೇನಿ."

ಮಡಿವಾಳಪ್ಪನ ಕೈ ಈಗ ನಿಂತಿತು. ಚನ್ನವ್ವ ಸಾಯುವ ದಿನ ಕೂಸನ್ನು ಅವನ ತೊಡೆಯ ಮೇಲೆ ಇಟ್ಟುಹೋಗಿದ್ದಳು.

"ನೀ ಹೇಳಿದ್ದು ಖರೇ ಇದ್ರ," ಎಂದ, "ನಾಳೆ ಮುಂಜಾನಿ ನಾಲತವಾಡದ ಬಸ್ಸಿಗೆ ಕೂಡಸ್ತೇನಿ. ಸುಳ್ಳಿದ್ರ?"

"ಸುಳ್ಳಿದ್ರ ನನ್ನ ಬಾಯಾಗ ಮಣ್ಣ ಹಾಕು."

ಮರುದಿನ ಗಿರಣಿಯ ಮುಂದೆ ಏಳೆಂಟು ಬುಟ್ಟಿ. ಕಲ್ಲು ತಿರುಗಿತು, ಕದ ಮುಚ್ಚಿತು. ಬಾಳಮ್ಮ ಒಂದು ಬುಟ್ಟಿ ಬೀಸಿ ಮುಗಿಯುವವರೆಗೆ ತಡೆದುಕೊಂಡಳು. ಇವತ್ತು ಅವಸರದಲ್ಲಿ ಕೂಸಿಗೆ ಗಂಜಿ ಹೊಯ್ಯುವುದನ್ನು ಮರೆತಿದ್ದಳು; ಅದೊಂದು ಕಸಿವಿಸಿ ಬೇರೆ. ಎರಡನೆಯ ಬುಟ್ಟಿ ಸುರಿದದ್ದೇ ಮಗನಿಗೆ ಕೈ ಬೀಸಿದಳು.

ಬೀಸುವಾಗ ನಡುವೆ ಇಂಜಿನ್ನು ನಿಲ್ಲಿಸುವುದು ಸಣ್ಣ ಮಾತಲ್ಲ. ಡೀಸೆಲ್ಲಿಗೆ ಸಿಂದಗಿಯಲ್ಲಿ ಎರಡು ದಿನ ಸಾಲು ನಿಲ್ಲಬೇಕಾದ ಕಾಲ ಅದು. ಮತ್ತೆ ಚಾಲೂ ಮಾಡಲು ಇಬ್ಬರು ಗಂಡಸರು ಹ್ಯಾಂಡಲ್ ತಿರುವಬೇಕು. "ಯಾಕೋ ಮಡಿವಾಳಾ, ನನ್ನ ಜ್ವಾಳಾ ಏನ ಪಾಪಾ ಮಾಡ್ಯಾವು?" ಎಂದು ಹುಲಿಗೆವ್ವ ಕೂಗುತ್ತಿದ್ದಂತೆಯೇ ಅವನು ಎಣ್ಣೆಯ ಕೀಲು ಮುಚ್ಚಿದ. ಟುಕ್ ಟುಕ್ ಸಡಿಲವಾಯಿತು. ಪಟ್ಟಾ ಪಟಪಟ ಎಂದು ಎರಡು ಸಲ ಹೊಡೆದುಕೊಂಡು ಸುಮ್ಮನಾಯಿತು. ಕಲ್ಲು ನಿಂತಿತು.

ಕಿವಿಯಲ್ಲಿ ಗುಂಯ್ ಎನ್ನುವ ಆ ಮೌನದೊಳಗೆ ಒಂದು ದನಿ ಹೊಮ್ಮಿತು. ಗದ್ದಲದ ಮೇಲೆ ಕೂಗಿ ರೂಢಿಯಾದ, ಗದ್ದಲ ನಿಂತದ್ದು ಗೊತ್ತಾಗದ, ದೊಡ್ಡ ದನಿ.

"ತಾ! ತಾ! ತಾ!"

ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು.

"ಯಾರ ಕೂಸದು?" ಎಂದಳು ಹುಲಿಗೆವ್ವ.

ಬಾಳಮ್ಮನೂ ತಿರುಗಿ ಓಣಿಯ ಕಡೆಗೇ ನೋಡಿದ್ದಳು. ಮೂರು ವರ್ಷ ಎದೆಗೆ ಕಟ್ಟಿಕೊಂಡು ಸಾಕಿದ ಕೂಸಿನ ದನಿ ಅವಳಿಗೂ ಗುರುತು ಹತ್ತಿರಲಿಲ್ಲ.

ಮೊದಲು ಓಡಿದವನು ಮಡಿವಾಳಪ್ಪ. ಕದ ಬಡಿದ. ಚಿಲಕ ತೆಗೆದ ಶಂಕ್ರೆವ್ವನ ಮುಖದಲ್ಲಿ ರಕ್ತವೇ ಇರಲಿಲ್ಲ. ನೆಲದ ಮೇಲೆ ಕನ್ನಡಿ, ಹೊಟ್ಟಿನ ಮೊರ, ಮಜ್ಜಿಗೆಯ ಬಟ್ಟಲು. ಹೊನ್ನಿಯ ಮುಷ್ಟಿಯಲ್ಲಿ ಮಜ್ಜಿಗೆಯಲ್ಲಿ ನೆನೆದ ರೊಟ್ಟಿಯ ಚೂರು. ದವಡೆ ಒಂದು ಬದಿಗೆ ಮೆಲ್ಲಗೆ ಆಡುತ್ತಿತ್ತು. ಹೊರಗಿನ ಜನ ನೋಡಿ ಮೆಲ್ಲುವುದನ್ನು ನಿಲ್ಲಿಸಿದಳು.

"ರೊಟ್ಟಿ!" ಬಾಳಮ್ಮ ನುಗ್ಗಿ ಕೂಸನ್ನು ಬಾಚಿಕೊಂಡು ಬೆರಳು ಬಾಯೊಳಗೆ ಹಾಕಿದಳು. "ಕೊಲ್ಲಾಕ ಕುಂತೀಯೇನ ನನ್ನ ಬಂಗಾರೀನ?"

"ನೆತ್ತಿಗೆ ಏರಂಗಿಲ್ರಿ ಅತ್ತಿ. ಕುಂತು ತಿಂದ್ರ ಏರಂಗಿಲ್ಲ. ಮಲಗಿಸಿ ಹೊಯ್ದ್ರ ಏರತೈತ್ರಿ."

ಇಷ್ಟು ಉದ್ದದ ಮಾತನ್ನು ಶಂಕ್ರೆವ್ವ ಆ ಮನೆಯಲ್ಲಿ ಆಡಿದ್ದು ಅದೇ ಮೊದಲು. ಬಾಯಿ ಒಮ್ಮೆ ತೆರೆದ ಮೇಲೆ ಉಳಿದದ್ದೂ ಬಂತು. "ನನ್ನ ತಮ್ಮಗ ಹುಟ್ಟಿದಾಗಿಂದ ಬಾಯಾಗಿನ ಅಂಗುಳ ಸೀಳಿತ್ರಿ. ಮಿರಜದ ದವಾಖಾನ್ಯಾಗ ಹೊಲಿಸಿದ್ವಿ. ಮೂರು ತಿಂಗಳಾ ನಾನ ಕೂಡ ಇದ್ದೆ. ಅಲ್ಲಿ ನರ್ಸಬಾಯಿ ಕಲಿಸಿದ್ರು. ತುಟೀಗೆ ಬೆಲ್ಲಾ ಹಚ್ಚೂದು, ನಾಲಗಿ ಚಾಚಿ ನೆಕ್ಕಲಿ ಅಂತ. ಹೊಟ್ಟು ಊದೂದು, ತುಟಿ ಗಟ್ಟಿ ಆಗ್ಲಿ ಅಂತ. ಕನ್ನಡ್ಯಾಗ ನನ್ನ ಬಾಯಿ, ತನ್ನ ಬಾಯಿ ಎರಡೂ ನೋಡ್ಲಿ ಅಂತ. ಆಮ್ಯಾಲ ಉಣ್ಣೂದು ತೋರ್ಸಿ ಕಾಯೂದು. ಕೂಸು ಬಾಯ್ಬಿಟ್ಟು ಕೇಳೂತನಾ ಕಾಯೂದು. ಅದ ದೊಡ್ಡ ಔಷಧ ಅಂದಿದ್ರು."

"ನಿನ್ನ ತಮ್ಮಗ ಮಾತು ಬಂದೂವೇನ?" ಮಡಿವಾಳಪ್ಪ ಕೇಳಿದ.

"ನಾಲತವಾಡದ ಸಂತ್ಯಾಗ ಉಳ್ಳಾಗಡ್ಡಿ ಮಾರ್ತಾನ್ರಿ. ಅವನ ಬಾಯಿ ಮುಚ್ಚಿಸಾಕ ಈಗ ಯಾವ ದವಾಖಾನಿಗೆ ಒಯ್ಯಬೇಕೋ ಗೊತ್ತಿಲ್ಲ."

ಬಾಗಿಲಲ್ಲಿ ನಿಂತ ಹೆಂಗಸರು ನಕ್ಕರು. ಬಾಳಮ್ಮ ನಗಲಿಲ್ಲ.

"ಹಂಗಾದ್ರ ಕಳ್ಳರಂಗ ಬಾಗಲಾ ಯಾಕ ಹಾಕ್ಕೊಂಡಿ?"

ಶಂಕ್ರೆವ್ವ ಸೆರಗಿನ ಚುಂಗು ತಿರುವಿದಳು. "ಕನ್ನಡಿ ತೋರ್ಸಾಕ ನೀವು ಬಿಡ್ತಿದ್ರೇನ್ರಿ?" ಎಂದಳು. "ಈಕಿ ತಾ ಅನ್ನಾಕ ಹತ್ತಿ ಹತ್ತು ದಿನಾ ಆತ್ರಿ. ಕೆಲವು ದಿನಾ ಬಾಯೇ ತಗೀತಿದ್ದಿಲ್ಲ. ಯಾಕಂತ ನನಗೂ ತಿಳೀವಲ್ದಾಗಿತ್ತು. ಆಮ್ಯಾಲ ನೋಡಿದ್ರ ಗಲ್ಲಕ್ಕ ಗಂಜಿ ಒಣಗಿರ್ತಿತ್ತು. ಹೊಟ್ಟಿ ತುಂಬಿದ ಕೂಸು ಏನಂತ ಕೇಳೀತ್ರಿ?"

ಮಡಿವಾಳಪ್ಪ ತಾಯಿಯ ಕಡೆ ನೋಡಲಿಲ್ಲ. ಅಷ್ಟು ಮರ್ಯಾದೆ ಅವನಲ್ಲಿತ್ತು. "ಹುಲಿಗೆವ್ವನ ಜ್ವಾಳಾ ಹಂಗ ಉಳದಾವು," ಎನ್ನುತ್ತ ಹೊರಗೆ ಹೋದ.

"ತಾ ಅನ್ನೂದು ಭಿಕ್ಷಾ ಬೇಡೋರ ಮಾತು," ಎಂದಳು ಬಾಳಮ್ಮ, ಯಾರಿಗೂ ಅಲ್ಲದಂತೆ. "ನಮ್ಮ ಮನ್ಯಾಗ ಬೇಡಿ ತಿನ್ನೂವಂಥಾ ಬಡತನ ಬಂದಿಲ್ಲ." ಕೂಸನ್ನು ಎತ್ತಿಕೊಂಡು ಪಡಸಾಲೆಗೆ ಬಂದಳು. ಆಕೆಯ ಸೊಂಟದ ಮೇಲೆ ಹೊನ್ನಿ ಮತ್ತೆ ಮೊದಲಿನ ಹೊನ್ನಿಯೇ ಆಗಿದ್ದಳು. ದನಿಯಿಲ್ಲದೆ, ಅಜ್ಜಿಯ ಮುಖ ನೋಡುತ್ತ, ಹಕ್ಕಿಮರಿಯ ಹಾಗೆ ಬಾಯಿ ತೆರೆದುಕೊಂಡು.

ಆ ದಿನವೆಲ್ಲ ಬಾಳಮ್ಮ ಗಿರಣಿಯ ಕಟ್ಟೆಗೆ ಹೋಗಲಿಲ್ಲ. ಮಿರಜ ಯಾರು ಕಂಡವರು? ನರ್ಸಬಾಯಿ ಇದ್ದಳೋ ಇಲ್ಲವೋ. ತಾ ಎನ್ನುವುದು ಮಾತೋ, ಬರೀ ಸದ್ದೋ. ಹೀಗೆಲ್ಲ ತೂಗಿ ನೋಡಿದಳು. ಪ್ರತಿ ಸಲವೂ ಹುಲಿಗೆವ್ವನ ಪ್ರಶ್ನೆ ಕಿವಿಯಲ್ಲಿ ಸುಳಿಯುತ್ತಿತ್ತು: ಯಾರ ಕೂಸದು?

ಇಳಿಹೊತ್ತಿಗೆ ಶಂಕ್ರೆವ್ವ ಒಲೆಯ ಮುಂದೆ ರೊಟ್ಟಿ ಬಡಿಯತೊಡಗಿದಳು. ಮಡಿವಾಳಪ್ಪ ಹ್ಯಾಂಡಲ್ಲಿನ ನೋವಿಗೆ ಭುಜ ತಿಕ್ಕಿಕೊಳ್ಳುತ್ತ ಹೊರಗೆ ಕೂತಿದ್ದ. ಬಾಳಮ್ಮ ಒಂದು ಬಟ್ಟಲಿಗೆ ಗಂಜಿ ಹಾಕಿಕೊಂಡಳು. ಒಳಲೆಯನ್ನು ಗೂಡಿನಿಂದ ತೆಗೆದಳು, ನೋಡಿದಳು, ಮತ್ತೆ ಅಲ್ಲೇ ಇಟ್ಟಳು. ಹೊನ್ನಿಯ ಕೈ ಹಿಡಿದು ಒಳಮನೆಗೆ ಹೋದಳು. ಹಿಂದೆ ಮುಂದೆ ನೋಡಿ ಕದ ಮುಚ್ಚಿ, ಸದ್ದಾಗದಂತೆ ಚಿಲಕ ಹಾಕಿದಳು.

ಹೊನ್ನಿ ಅಭ್ಯಾಸದಂತೆ ಅಂಗಾತ ಮಲಗಲು ಹೋದಳು. ಅಜ್ಜಿ ಎತ್ತಿ ಗೋಡೆಗೆ ಆನಿಸಿ ಕೂರಿಸಿದಳು. ಎದುರಿಗೆ ತಾನೂ ಕೂತಳು; ಮೊಳಕಾಲು ಲಟಕ್ ಎಂದಿತು. ಬಟ್ಟಲನ್ನು ತೋರಿಸಿದಳು. ಕೂಸು ಬಾಯಿ ತೆರೆಯಿತು. ಬಾಳಮ್ಮನ ಕೈ ತಾನಾಗಿ ಮುಂದೆ ಹೋಯಿತು. ಎಡಗೈಯಿಂದ ಆ ಕೈಯನ್ನು ಹಿಡಿದು ನಿಲ್ಲಿಸಿದಳು. ಹೊನ್ನಿ ಬಟ್ಟಲು ನೋಡಿದಳು, ಅಜ್ಜಿಯ ಮುಖ ನೋಡಿದಳು. ಗಂಜಿಯ ಮೇಲೆ ಕೆನೆ ಕಟ್ಟುತ್ತಿತ್ತು. ಬಾಳಮ್ಮ ಬಟ್ಟಲು ಹಿಡಿದುಕೊಂಡು ಕಾದಳು.

ಆ ಒಂದು ಮಾತಿಗೆ ಶಂಕ್ರೆವ್ವನೂ ಕಿವಿಗೊಟ್ಟ ಹಾಗೆ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.